ಎಡಿಸನ್ ಹತ್ತಿರದ ವಲಸೆ ನೆರವು ಕೇಂದ್ರ: ನಮ್ಮ ಅನುಭವ

ಐದಕ್ಕೆ ನಾಲ್ಕೂವರೆ ಸ್ಟಾರ್. ಅರ್ಧ ಯಾಕೆ ಕಡಿಮೆ ಅಂತ ಆಮೇಲೆ ಹೇಳುತ್ತೇನೆ.

ನಾನು ಅಮೆರಿಕದ ಪ್ರಜೆ, ನ್ಯೂಜೆರ್ಸಿಯಲ್ಲಿದ್ದೇನೆ. ನಮ್ಮ ಯಜಮಾನರು ಹಾಸನದವರು. 2014ರಲ್ಲಿ ಎಚ್-1ಬಿ ಅನ್ನುವ ಕೆಲಸದ ವೀಸಾದಲ್ಲಿ ಬಂದರು, 2019ರಲ್ಲಿ ಕೆಲಸ ಹೋಯಿತು. ಬೇರೆ ಕಂಪನಿ ಹುಡುಕಿಕೊಳ್ಳಲು ಕೊಡುವ 60 ದಿನ ಕಳೆಯಿತು, ಆಮೇಲೆ ಐ-94 (ಎಲ್ಲಿವರೆಗೆ ಇರಬಹುದು ಅಂತ ಹೇಳುವ ದಾಖಲೆ) ಅವಧಿಯೂ ಮುಗಿಯಿತು. 2021ರಲ್ಲಿ ಮಾವ ತೀರಿಕೊಂಡಾಗ ಊರಿಗೆ ಹೋಗಲಾಗಲಿಲ್ಲ. ಹನ್ನೊಂದನೇ ದಿನದ ಕಾರ್ಯವನ್ನು ಫೋನಿನಲ್ಲಿ ನೋಡುತ್ತಾ ಕೂತಿದ್ದರಂತೆ. ಮರುವರ್ಷ ಬ್ರಿಡ್ಜ್‌ವಾಟರ್ ವೆಂಕಟೇಶ್ವರ ದೇವಸ್ಥಾನದಲ್ಲಿ ನಮ್ಮ ಮದುವೆ ಆಯಿತು.

ಮೊದಲು ಪರಿಚಯದವರ ಮಾತು ಕೇಳಿ ಒಬ್ಬ ಕನ್ಸಲ್ಟೆಂಟ್ ಹತ್ತಿರ ಹೋದೆವು. 800 ಡಾಲರ್ ತೆಗೆದುಕೊಂಡು, "ಊರಿಗೆ ಹೋಗಿ, ಮುಂಬೈ ಕಾನ್ಸುಲೇಟ್‌ನಲ್ಲಿ ವೀಸಾ ಸ್ಟಾಂಪ್ ಹಾಕಿಸಿಕೊಂಡು ಬಂದುಬಿಡಿ" ಅಂದ. ನಾವು ಟಿಕೆಟ್ ಕೂಡ ನೋಡಿದ್ದೆವು. ಅವತ್ತು ಹೊರಟಿದ್ದರೆ ಇವರಿಗೆ 10 ವರ್ಷ ಈ ದೇಶದ ಬಾಗಿಲು ಮುಚ್ಚುತ್ತಿತ್ತು. ಅಕ್ರಮವಾಗಿ ಒಂದು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಇದ್ದು ಹೊರಗೆ ಹೋದವರಿಗೆ 10 ವರ್ಷ, 180 ದಿನ ದಾಟಿದವರಿಗೆ 3 ವರ್ಷ ತಡೆ. ಇದು 1996ರ ಕಾನೂನು. ಅವನು ಇದರ ಒಂದು ಮಾತೂ ಹೇಳಲಿಲ್ಲ.

ಈ ಕೇಂದ್ರದಲ್ಲಿ ನಮ್ಮ ಕೇಸ್ ನೋಡಿದ ಮೇಡಂ ವಕೀಲರಲ್ಲ, ನ್ಯಾಯ ಇಲಾಖೆಯಿಂದ ಮಾನ್ಯತೆ ಪಡೆದ ಪ್ರತಿನಿಧಿ. ಇಂಥವರ ಪಟ್ಟಿ ಇಲಾಖೆಯ ವೆಬ್‌ಸೈಟಿನಲ್ಲೇ ಇದೆ, ನೋಡಿಕೊಂಡೇ ಹೋಗಿ. ನಾನು ಮದುವೆ ಆಲ್ಬಂ ತೆಗೆದೆ. ಅವರು ಅದನ್ನು ಪಕ್ಕಕ್ಕಿಟ್ಟು, ಹಳೇ ಪಾಸ್‌ಪೋರ್ಟ್ ಕೇಳಿದರು. ಒಂದೊಂದೇ ಹಾಳೆ ತಿರುವಿ, 2017ರಲ್ಲಿ ಇವರು ಊರಿಗೆ ಹೋಗಿ ಬಂದಾಗ ನ್ಯೂಆರ್ಕ್ ವಿಮಾನ ನಿಲ್ದಾಣದಲ್ಲಿ ಒತ್ತಿದ ಮುದ್ರೆ ಮೇಲೆ ಬೆರಳಿಟ್ಟರು. ಅರ್ಧ ಮಾಸಿತ್ತು. "ಇದೇ ನಿಮ್ಮ ಕೇಸ್" ಅಂದರು.

ಅಧಿಕಾರಿಯ ಮುಂದೆ ನಿಂತು, ವೀಸಾ ತೋರಿಸಿ ಒಳಗೆ ಬಂದವರು ಪ್ರಜೆಯನ್ನು ಮದುವೆಯಾದರೆ, ಅವಧಿ ಮೀರಿ ಉಳಿದಿದ್ದರೂ ದೇಶ ಬಿಡದೆ ಇಲ್ಲೇ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಬಹುದು. ಗಂಡನಿಗಾಗಿ ನಾನು ಹಾಕುವ ಐ-130, ಗ್ರೀನ್ ಕಾರ್ಡಿಗೆ ಅವರು ಹಾಕುವ ಐ-485, ಎರಡೂ ಅರ್ಜಿಗಳನ್ನು ಒಟ್ಟಿಗೆ ಕಳಿಸಿದೆವು. ಕೆಲಸದ ಪರವಾನಗಿಯೂ ಸೇರಿ 2024ರಲ್ಲಿ ಸರ್ಕಾರಿ ಶುಲ್ಕ 2,375 ಡಾಲರ್ ಆಯಿತು. ಕೇಂದ್ರದವರು ತೆಗೆದುಕೊಂಡಿದ್ದು 400.

ಅಧಿಕಾರಿಯ ಮುಂದೆ ನಿಲ್ಲದೆ ಗಡಿ ದಾಟಿ ಬಂದವರ ದಾರಿ ಬೇರೆ. ಕಾಯುವಾಗ ಪಕ್ಕದಲ್ಲಿ ಗ್ವಾಟೆಮಾಲಾದ ಒಬ್ಬರು, ಹೆಂಡತಿ ಜೊತೆ ಕೂತಿದ್ದರು. ಹೆಂಡತಿ ಇಲ್ಲೇ ಹುಟ್ಟಿದವಳು, ಗಂಡನಿಗೆ ಮುದ್ರೆಯೇ ಇಲ್ಲ. ಇಂಥ ಗಂಡ ಹೆಂಡತಿಯರೂ ದೇಶ ಬಿಡದೆ ಇಲ್ಲೇ ಅರ್ಜಿ ಹಾಕಲಿ ಅಂತ 2024ರ ಆಗಸ್ಟ್ 19ಕ್ಕೆ ಶುರುವಾದ ಹೊಸ ಯೋಜನೆಗೆ 580 ಡಾಲರ್ ಕಟ್ಟಿದ್ದರು. ನವೆಂಬರ್ 7ಕ್ಕೆ ಟೆಕ್ಸಾಸ್‌ನ ಕೋರ್ಟ್ ಅದನ್ನು ರದ್ದು ಮಾಡಿತು. ಈಗ ಅವರಿಗೆ ಉಳಿದಿರುವುದು ಐ-601ಎ, ಅಂದರೆ ಆ 3 ಅಥವಾ 10 ವರ್ಷದ ತಡೆಯಿಂದ ಮನ್ನಾ ಕೇಳುವ ಅರ್ಜಿ. ತಾನಿಲ್ಲದೆ ಹೆಂಡತಿಗೆ ವಿಪರೀತ ಕಷ್ಟವಾಗುತ್ತದೆ ಎಂದು ಮೊದಲು ಸಾಬೀತು ಮಾಡಿ, ಮನ್ನಾ ಸಿಕ್ಕ ಮೇಲೆ ಹೊರಗೆ ಹೋಗಿ ವೀಸಾ ಪಡೆಯಬೇಕು. ವರ್ಷಗಟ್ಟಲೆ ಹಿಡಿಯುತ್ತದೆ. ಇವರಿಬ್ಬರೂ ನಮ್ಮ ಹಾಗೇ ಗಂಡ ಹೆಂಡತಿ, ಅಲ್ವಾ? ಆ ಸಂಜೆ ನನಗೆ ಊಟ ಸೇರಲಿಲ್ಲ.

ನಮ್ಮ ಹೆಣ್ಣುಮಕ್ಕಳಿಗಾಗಿ ಇನ್ನೊಂದು ಮಾತು. ಅಲ್ಲಿಯ ಲೇಡೀಸ್ ಟಾಯ್ಲೆಟ್ ಬಾಗಿಲ ಒಳಬದಿಗೆ ಒಂದು ಕಾಗದ ಅಂಟಿಸಿದ್ದಾರೆ, ಹರಿದುಕೊಂಡು ಹೋಗುವ ಹಾಗೆ ಕೆಳಗೆ ಫೋನ್ ನಂಬರಿನ ಚೀಟಿಗಳು. ಪ್ರಜೆಯಾದ ಗಂಡ ಹೊಡೆದು ಬಡಿದು ಹಿಂಸೆ ಕೊಡುತ್ತಿದ್ದರೆ ಹೆಂಡತಿ ತಾನೇ ತನಗಾಗಿ ಐ-360 ಅನ್ನುವ ಅರ್ಜಿ ಹಾಕಬಹುದು. ಅವನ ಸಹಿ ಬೇಡ, ಅವನಿಗೆ ಸುದ್ದಿಯೂ ಹೋಗುವುದಿಲ್ಲ. ಗಂಡಸರೂ ಹಾಕಬಹುದು. ನಾನು ಹೋದಾಗ ನಾಲ್ಕು ಚೀಟಿ ಹರಿದಿದ್ದವು.

2025ರ ಮಾರ್ಚ್‌ನಲ್ಲಿ ನಮ್ಮ ಸಂದರ್ಶನ ಇತ್ತು. ಬಾಡಿಗೆ ಕರಾರು, ಜಂಟಿ ಖಾತೆ, ಇಬ್ಬರ ಹೆಸರಿನ ಕಾರ್ ಇನ್ಶೂರೆನ್ಸ್, ಕನ್ನಡ ಕೂಟದ ಯುಗಾದಿ ಫೋಟೋಗಳು, ಎಲ್ಲವನ್ನೂ ಮೇಡಂ ತಾರೀಖಿನ ಪ್ರಕಾರ ಜೋಡಿಸಿಕೊಟ್ಟಿದ್ದರು. ಮದುವೆಯಾಗಿ ಎರಡು ವರ್ಷ ದಾಟಿದ್ದರಿಂದ ನೇರವಾಗಿ 10 ವರ್ಷದ ಕಾರ್ಡ್ ಬಂತು. ಮೇ ತಿಂಗಳಲ್ಲಿ ಇವರು ಹಾಸನಕ್ಕೆ ಹೋಗಿ ಅಮ್ಮನ ಪಕ್ಕ ಕೂತು ಊಟ ಮಾಡಿದರು.

ಆದರೆ ನಮಗೆ ಆಯಿತು ಅಂತ ನೀವು ಸುಮ್ನೆ ಅರ್ಜಿ ಹಾಕಬೇಡಿ. ಅರ್ಜಿ ಹಾಕಿದ ಮಾತ್ರಕ್ಕೆ ಗಡೀಪಾರಿನಿಂದ ರಕ್ಷಣೆ ಸಿಗುವುದಿಲ್ಲ. ಸಂದರ್ಶನಕ್ಕೆ ಹೋದವರನ್ನೇ ಹಿಡಿದ ಸುದ್ದಿಗಳೂ ಬಂದಿವೆ. ಮೊದಲು ತಿಳಿದವರಿಗೆ ಕಾಗದ ತೋರಿಸಿ.

ಅರ್ಧ ಸ್ಟಾರ್ ಕಡಿಮೆಯಾಗಿದ್ದು ಫೋನಿಂದ. ಎತ್ತುವುದೇ ಅಪರೂಪ, ಮೊದಲ ಭೇಟಿಗೆ ಆರು ವಾರ ಕಾದೆವು. ಸೋಮವಾರ ಬೆಳಿಗ್ಗೆ 9ಕ್ಕೆ ಸರಿಯಾಗಿ ಮಾಡಿದರೆ ಸಿಗುತ್ತಾರೆ. ಹೋಗುವಾಗ ಹಳೇ ಪಾಸ್‌ಪೋರ್ಟ್‌ಗಳನ್ನೆಲ್ಲ ತೆಗೆದುಕೊಂಡು ಹೋಗಿ, ಅವಧಿ ಮುಗಿದಿದ್ದರೂ ಪರವಾಗಿಲ್ಲ.