ವಿಚರ್ 2, ವಿಚರ್ 3: ಮದ್ದು ಕುಡಿಯುವುದು ಯಾವಾಗ?

ವಿಚರ್ ಅಂದರೆ ಹಣಕ್ಕೆ ರಾಕ್ಷಸರನ್ನು ಬೇಟೆಯಾಡುವವನು. ಪೋಲೆಂಡಿನ ಲೇಖಕ ಸಾಪ್ಕೋವ್ಸ್ಕಿಯ, 1986ರಲ್ಲಿ ಪ್ರಕಟವಾದ ಮೊದಲ ವಿಚರ್ ಕಥೆಯಲ್ಲಿ, ಸ್ಟ್ರಿಗಾ ಅನ್ನುವ ರಾಕ್ಷಸಿ ಎದುರಾಗುವ ಮೊದಲೇ ಕಥಾನಾಯಕ ಗೆರಾಲ್ಟ್ ಮದ್ದು ಕುಡಿದಿರುತ್ತಾನೆ. ಬೇರೆಯವರು ಕುಡಿದರೆ ಸತ್ತೇ ಹೋಗುವಂಥ ಮದ್ದು ಅದು. ಆ ನಂಜನ್ನು ಆಟದೊಳಗೆ ಯಾವುದು ಸರಿಯಾಗಿ ತಂದಿದೆ ಅಂತ ನೋಡಲು ಆ ಕಥೆಗಳಿಂದ ಹುಟ್ಟಿದ ಈ ಎರಡೂ ಗೇಮ್‌ಗಳನ್ನು ಒಂದರ ಹಿಂದೊಂದು ಆಡಿದೆ.

2011ರ ವಿಚರ್ 2ರಲ್ಲಿ ಧ್ಯಾನಕ್ಕೆ ಕೂತಾಗ ಮಾತ್ರ ಮದ್ದು. ಹೊಡೆದಾಟದ ನಡುವೆ ಬಾಟಲಿ ಮುಟ್ಟುವಂತಿಲ್ಲ. ಫ್ಲೋಟ್ಸಾಮ್ ಊರಿನ ನದಿಯಲ್ಲಿರುವ ಕೇರನ್ ಅನ್ನುವ ದೈತ್ಯ ಪ್ರಾಣಿಯ ವಿಷ ತಡೆಯಲು ಮಂಗೂಸ್ ಮದ್ದು ಬೇಕು. ಅದಕ್ಕೆ ಆಸ್ಟ್‌ಮರ್ಕ್ ಅನ್ನುವ ಪಾಚಿ ಹುಡುಕಿ ತರಬೇಕು. ತಂದು ಮದ್ದು ಮಾಡಿಟ್ಟುಕೊಂಡೆ, ಕುಡಿಯೋದು ಮರೆತೆ. ಅದರ ಬಾಹುಗಳ ನಡುವೆ ನಿಂತಾಗ ನೆನಪಾಯಿತು. ಸತ್ತೆ. ಎರಡನೇ ಸಲ ಮೊದಲು ಮಂಡಿಯೂರಿ ಕೂತು ಕುಡಿದು ಹೋದೆ. ಆಗ ನಾನು ಆಡುತ್ತಿರುವುದು ಒಬ್ಬ ವಿಚರ್‌ನನ್ನೇ ಅನ್ನಿಸಿತು. ಆದರೆ ಮಾತಾಡುತ್ತಿದ್ದವರು ಇದ್ದಕ್ಕಿದ್ದಂತೆ ಕತ್ತಿ ಹಿರಿದಾಗ ಈ ನಿಯಮಕ್ಕೆ ಅರ್ಥವೇ ಉಳಿಯುವುದಿಲ್ಲ. ಮುಂದೇನು ಅಂತ ಗೊತ್ತಿಲ್ಲದವನು ಏನಂತ ಸಿದ್ಧನಾಗಬೇಕು?

2015ರ ವಿಚರ್ 3ರಲ್ಲಿ ಒಂದು ಗುಂಡಿ ಒತ್ತಿದರೆ ಆಯಿತು, ಹೊಡೆದಾಟದ ಮಧ್ಯೆಯೇ ಗಂಟಲಿಗೆ. ಒಮ್ಮೆ ಮಾಡಿಟ್ಟರೆ ಸಾಕು, ಕಡಕ್ ಮದ್ಯ ಜೊತೆಗಿದ್ದು ಧ್ಯಾನ ಮಾಡಿದರೆ ಖಾಲಿಯಾದದ್ದೆಲ್ಲ ಮತ್ತೆ ತುಂಬುತ್ತದೆ. ನಂಜು ಏರಿದಾಗ ಮುಖದ ನರಗಳು ಕಪ್ಪಾಗುವುದನ್ನು ಬಹಳ ಚೆನ್ನಾಗಿ ತೋರಿಸಿದ್ದಾರೆ. ಆಡಲು ಇದೇ ಸುಲಭ, ಸರಾಗ.

ನನಗೆ ಬೇಸರ ಬೇರೆ ಕಡೆ. ಹೆಜ್ಜೆಗುರುತು ನೋಡಿ, ಊರವರನ್ನು ವಿಚಾರಿಸಿ, ಬೆಸ್ಟಿಯರಿ (ಆಟದೊಳಗಿನ ರಾಕ್ಷಸರ ವಿವರಪಟ್ಟಿ) ಓದಿ ಶತ್ರು ಯಾರೆಂದು ಮುಂಚೆಯೇ ತಿಳಿಯುವ ಕಾಂಟ್ರಾಕ್ಟ್‌ಗಳು, ಅಂದರೆ ಹಣಕ್ಕೆ ಒಪ್ಪಿಕೊಳ್ಳುವ ಬೇಟೆಗಳು, ಇರುವುದು ಮೂರನೆಯದರಲ್ಲಿ. ಹಳೆಯ ನಿಯಮಕ್ಕೆ ಹೇಳಿ ಮಾಡಿಸಿದ ಜಾಗ ಅದು. ಅಲ್ಲೇ ಅದನ್ನು ತೆಗೆದುಬಿಟ್ಟರು.

ಹಾಗಾಗಿ ನಾನೇ ಒಂದು ವ್ರತ ಹಿಡಿದೆ: ಕತ್ತಿ ಹಿರಿದ ಮೇಲೆ ಮದ್ದಿಲ್ಲ. ವಿಚರ್ 3ರ ವೈಟ್ ಆರ್ಚರ್ಡ್ ಹಳ್ಳಿಯ ಬಾವಿಕಟ್ಟೆಯಲ್ಲಿರುವ ನೂನ್‌ರೈತ್ ಅನ್ನುವ ಹೆಣ್ಣುಭೂತವನ್ನು ಮುಗಿಸುವ ಕೆಲಸ. ಬಾವಿಗಿಳಿದು ಅವಳ ಬಳೆ ತಂದೆ, ಗಾಯ ಮಾಯಿಸುವ ಸ್ವಾಲೋ ಮದ್ದು ಕುಡಿದೆ, ಅವಳನ್ನು ಹೊರಗೆಳೆಯಲು ಅವಳ ಹೆಣದ ಜೊತೆ ಬಳೆಗೂ ಬೆಂಕಿ ಇಟ್ಟೆ. ಅವಳು ಎದ್ದು ಬಂದು ಮೊದಲ ಏಟು ಕೊಡುವಷ್ಟರಲ್ಲಿ ಮದ್ದಿನ ಅವಧಿಯೇ ಮುಗಿದಿತ್ತು. ಎರಡನೆಯದರಲ್ಲಿ ನಿಮಿಷಗಟ್ಟಲೆ ಇರುತ್ತಿದ್ದ ಸ್ವಾಲೋ ಇಲ್ಲಿ ಕೆಲವೇ ಸೆಕೆಂಡು. ಹೊಡೆದಾಟದ ಮಧ್ಯೆ ಕುಡಿಯಲೆಂದೇ ಅಳೆದಿಟ್ಟದ್ದು ಅದು. ಯರ್ಡೆನ್ ಅನ್ನುವ ಮಂತ್ರದ ಬಲೆ ಹಾಕಿ, ಅದರ ವೃತ್ತದೊಳಗೇ ನಿಂತು, ಮದ್ದಿಲ್ಲದೆ ಅವಳನ್ನು ಮುಗಿಸಿದೆ.