ಕಾರ್ಡಿಯೋ ಕಿಕ್‌ಬಾಕ್ಸಿಂಗ್‌ಗೆ ಸೇರಿ ವರ್ಷ ದಾಟ್ತು, ಹೊಸದಾಗಿ ಸೇರೋ ಬಳ್ಳಾರಿಯವ್ರಿಗೆ ಹೇಳಬೇಕಾದ್ದು

ಮೊದಲೇ ಹೇಳಿಬಿಡ್ತೀನಿ, ಇಲ್ಲಿ ಯಾರೂ ಯಾರನ್ನೂ ಹೊಡೆಯಲ್ಲ. ಕಿಕ್‌ಬಾಕ್ಸಿಂಗ್ ಅಂದ ಕೂಡ್ಲೆ ಮನ್ಯಾಗ "ನಿನಗ ಈ ವಯಸ್ಸಿನಾಗ ಬಡಿದಾಟ ಯಾಕ ಬೇಕು" ಅಂತಾರ, ನಮ್ಮನ್ಯಾಗೂ ಅಂದ್ರು. ನಿಜವಾದ ಕಿಕ್‌ಬಾಕ್ಸಿಂಗ್ ಅನ್ನೋದು ಬ್ಯಾರೆ, ಅದು 1960ರ ದಶಕದಾಗ ಜಪಾನ್‌ನಾಗ ಕರಾಟೆ, ಥಾಯ್ ಬಾಕ್ಸಿಂಗ್ ಎಲ್ಲಾ ಸೇರಿ ಆಗಿದ್ದು, ಅದ್ರಾಗ ಎದುರಾಳಿ ಇರ್ತಾನ, ರಿಂಗ್ ಇರ್ತೈತೆ. ನಮ್ಮ ಕ್ಲಾಸಿನ್ಯಾಗ ಅದೇ ಪಂಚು, ಅದೇ ಕಿಕ್ಕು, ಆದ್ರೆ ಗಾಳಿಗೆ ಇಲ್ಲಾ ಪಂಚಿಂಗ್ ಬ್ಯಾಗಿಗೆ, ಹಾಡು ಹಾಕ್ಕೊಂಡು. 1990ರ ದಶಕದಾಗ ಅಮೆರಿಕದ ಬಿಲ್ಲಿ ಬ್ಲಾಂಕ್ಸ್ ಟೇ ಬೋ ಅಂತ ವಿಡಿಯೋ ಕ್ಯಾಸೆಟ್ ಮಾಡಿ ಮನಿಮನಿಗೆ ಮುಟ್ಟಿಸಿದ್ನಲ್ಲ, ಆ ಥರದ್ದು. ಹಂಗಾಗಿ ಆತ್ಮರಕ್ಷಣೆ ಕಲಿಬೇಕು ಅಂತ ಬರೋರು ಇದನ್ನ ನಂಬ್ಕೊಂಡು ಬರಬ್ಯಾಡ್ರಿ, ಅದಕ್ಕ ಎದುರಿಗೆ ಆಳಿಟ್ಟುಕೊಂಡು ಕಲಿಸೋ ಕ್ಲಾಸೇ ಬೇಕು.

ನಾನು ಜೀನ್ಸ್ ಯೂನಿಟ್‌ನಾಗ ಲೆಕ್ಕ ಬರಿಯಾಕಿ, ವಯಸ್ಸು 41. ಬೆಳಗ್ಗಿಂದ ಸಂಜೀತನ ಕುರ್ಚಿ. ಕುತ್ತಿಗಿ ಹಿಂದ, ಎರಡೂ ಹೆಗಲ ನಡುವೆ ಕಲ್ಲು ಇಟ್ಟಂಗ ಬಿಗಿ ಇರ್ತಿತ್ತು, ಮಹಡಿ ಮ್ಯಾಲಿನ ಗೋಡೌನ್‌ಗೆ ಸ್ಟಾಕ್ ನೋಡಾಕ ಹತ್ತಿದ್ರೆ ಮ್ಯಾಲೆ ಹೋಗಿ ಸ್ವಲ್ಪ ಹೊತ್ತು ಮಾತೇ ಬರ್ತಿರಲಿಲ್ಲ. ವಾಕಿಂಗ್ ಮಾಡ್ತಿದ್ದೆ, ಆದ್ರೆ ನಮ್ಮೂರ ಬಿಸಿಲು ಗೊತ್ತಲ್ಲ, ಮಾರ್ಚ್ ಬಂತಂದ್ರೆ ನಿಂತುಹೋಗ್ತಿತ್ತು. ಅದಕ್ಕ ಒಳಗ ಮಾಡೋದು ಏನಾರ ಬೇಕು ಅಂತ ಇದಕ್ಕ ಸೇರಿದೆ. ಫೀಸು ತಿಂಗಳಿಗೆ 1500, ವಾರಕ್ಕ ಮೂರು ದಿನ, ಒಂದೊಂದು ಕ್ಲಾಸು 50 ನಿಮಿಷ.

ಶುರುವಿನಾಗ ಏನಾಗ್ತೈತೆ ಅಂದ್ರೆ, ಕಾಲಿಗಿಂತ ಮೊದಲು ಹೆಗಲು ಸೋಲ್ತಾವ. ಬರೀ ಎರಡು ಕೈ ಗದ್ದದ ಹತ್ರ ಎತ್ತಿ ಹಿಡ್ಕೊಂಡು ನಿಲ್ಲೋದೇ ಕಷ್ಟ, ಹಾಡು ಮುಗಿಯೋದ್ರಾಗ ಮೊಣಕೈ ತಾನಾಗೇ ಕೆಳಗ ಇಳೀತಾವ. ಆಮ್ಯಾಲೆ ಎಡಗೈ ಬಲಗಾಲು ಹೊಂದಿಕಿ ಆಗಲ್ಲ, ಜ್ಯಾಬ್, ಕ್ರಾಸ್, ಹುಕ್ ಅನ್ನೋ ಮೂರು ಥರದ ಪಂಚ್ ಆದ ಮ್ಯಾಲೆ ಕಿಕ್ ಅಂದ್ರೆ ತಲಿ ಒಂದು ಹೇಳ್ತೈತೆ ಮೈ ಒಂದು ಮಾಡ್ತೈತೆ. ಇದು ಎಲ್ಲರಿಗೂ ಆಗೋದೇ, ಇದನ್ನ ನೋಡಿ ಬಿಟ್ಟು ಹೋದೋರನ್ನ ನಮ್ಮ ಬ್ಯಾಚಿನಾಗೇ ನೋಡೀನಿ, ಭಾಳ ಬ್ಯಾಸರ ಆಗ್ತೈತೆ, ಯಾಕಂದ್ರೆ ಇನ್ನ ನಾಕು ವಾರ ತಡಕೊಂಡಿದ್ರೆ ಮೈ ತಾನೇ ಕಲೀತಿತ್ತು.

ಈಗ ಮುಖ್ಯ ವಿಷಯ. ಪಂಚ್ ಅನ್ನೋದು ಕೈಯಿಂದ ಬರಲ್ಲ, ನೆಲದಿಂದ ಬರ್ತೈತೆ. ನಮ್ಮ ಕೋಚ್ ಒಂದು ದಿನ ಹಾಡು ಬಂದ್ ಮಾಡಿ ಇದೊಂದನ್ನೇ ಮಾಡಿಸಿದ್ರು: ಹಿಂದಿನ ಪಾದದ ಹಿಮ್ಮಡಿ ಎತ್ತು, ಪಾದದ ಮುಂಭಾಗದ ಮ್ಯಾಲೆ ತಿರುಗು, ಸೊಂಟ ತಿರುಗಲಿ, ಹೆಗಲು ತಿರುಗಲಿ, ಕಡೀಗೆ ಕೈ ಹೋಗಲಿ, ಹೋಗುವಾಗ ಬಾಯಿಂದ ಉಸಿರು ಬಿಡು, ಹೋದಷ್ಟೇ ಬೇಗ ಗದ್ದಕ್ಕ ವಾಪಸ್ ತಾ. ಹಂಗ ಹೊಡೆದಾಗ ಬ್ಯಾಗಿನ ಸದ್ದೇ ಬದಲಾಯ್ತು, ಮೊದಲು ತಪ್ ಅಂತಿದ್ದುದು ಧಡ್ ಅಂತು. ಹೊಟ್ಟಿ ಪಕ್ಕದ ಸ್ನಾಯು, ಸೊಂಟ, ತೊಡಿ ಎಲ್ಲಾ ಕೆಲಸ ಮಾಡೋದು ಅಲ್ಲಿಂದಲೇ. ಬರೀ ತೋಳು ಬೀಸ್ತಾ ಇದ್ರೆ ಬೆವರು ಬರ್ತೈತೆ ಹೊರತು ಈ ಲಾಭ ಯಾವುದೂ ಬರಲ್ಲ.

ಕಿಕ್ಕಿನಾಗೂ ಹಂಗೇ. ರೌಂಡ್‌ಹೌಸ್ ಕಿಕ್, ಅಂದ್ರೆ ಪಕ್ಕದಿಂದ ಬೀಸಿ ಒದೆಯೋದು, ಹೊಡಿವಾಗ ನಿಂತ ಕಾಲಿನ ಪಾದ ತಿರುಗಲೇಬೇಕು, ತಿರುಗದಿದ್ರೆ ಆ ತಿರುವೆಲ್ಲಾ ಮೊಣಕಾಲಿಗೆ ಬೀಳ್ತೈತೆ. ಅದಕ್ಕ ನೆಲಕ್ಕ ಅಂಟ್ಕೊಳ್ಳೋ ದಪ್ಪ ರನ್ನಿಂಗ್ ಶೂ ಇದಕ್ಕ ಆಗಿಬರಲ್ಲ, ಮ್ಯಾಟ್ ಇದ್ರೆ ಬರಿಗಾಲು ಚಲೋ. ಗಾಳಿಗೆ ಹೊಡಿವಾಗ ಮೊಣಕೈ, ಮೊಣಕಾಲು ಪೂರ್ತಿ ಚಾಚಿ ಝಟಕಾ ಕೊಡಬಾರದು, ಸ್ವಲ್ಪ ಮಡಚೇ ಇರಬೇಕು. ಕಾಲು ಎದಿ ಮಟ್ಟಕ್ಕ ಹೋಗಬೇಕು ಅಂತ ಏನಿಲ್ಲ, ಮೊಣಕಾಲೆತ್ತರಕ್ಕ ಸರಿಯಾಗಿ ಹೋದ್ರೆ ಅದೇ ಸಾಕು ಹೊಸಬರಿಗೆ.

ಲಾಭಕ್ಕ ಬರ್ತೀನಿ. ತೂಕ ಕೇಳಬ್ಯಾಡ್ರಿ, ಭಾಳ ಇಳಿದಿಲ್ಲ. ಅಮೆರಿಕನ್ ಕೌನ್ಸಿಲ್ ಆನ್ ಎಕ್ಸರ್‌ಸೈಜ್ ಅನ್ನೋರು ಅಳತಿ ಮಾಡಿ ಹೇಳಿದ್ದು ಗಂಟೆಗೆ 350ರಿಂದ 450 ಕ್ಯಾಲೊರಿ, ಕೆಲವು ಕಡೆ ಜಾಹೀರಾತಿನಾಗ 800, 1000 ಅಂತ ಹಾಕ್ತಾರಲ್ಲ ಅದನ್ನ ನೋಡಿ ದುಡ್ಡು ಕಟ್ಟಬ್ಯಾಡ್ರಿ. ಕ್ಲಾಸ್ ಮುಗಿಸಿ ಒಂದು ಪ್ಲೇಟ್ ಮಂಡಕ್ಕಿ ಒಗ್ಗರಣಿ, ಜೊತಿಗೆ ಎರಡು ಮಿರ್ಚಿ ತಿಂದ್ರೆ ಸುಟ್ಟಿದ್ದು ಬಹುತೇಕ ವಾಪಸ್. ಬದಲಾಗಿದ್ದು ದಮ್ಮು. 220ರಾಗ ವಯಸ್ಸು ಕಳೆದ್ರೆ ಗರಿಷ್ಠ ಹಾರ್ಟ್ ರೇಟಿನ ಅಂದಾಜು ಸಿಗ್ತೈತೆ, ನನಗ 179, ಅದರ ಶೇ 75ರಿಂದ 85 ಅಂದ್ರೆ 134ರಿಂದ 152, ಕ್ಲಾಸಿನ ನಡುವಿನ ಭಾಗದಾಗ ನನ್ನ ವಾಚು ಅಲ್ಲೇ ಓಡಾಡ್ತಿರ್ತೈತೆ. ವಾಚಿಲ್ಲದೋರು ಮಾತಾಡಿ ನೋಡ್ರಿ, ಎರಡ್ಮೂರು ಪದಕ್ಕ ಉಸಿರು ತಗೊಳ್ಳಂಗಾದ್ರೆ ಜೋರಿನ ವ್ಯಾಯಾಮ ಅಂತ ಅರ್ಥ. ವಾರಕ್ಕ ಅಂಥದ್ದು 75 ನಿಮಿಷನಾದ್ರೂ ಇರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತೈತೆ, ಮೂರು ಕ್ಲಾಸಿನಾಗ ವಾರ್ಮ್ ಅಪ್, ಸ್ಟ್ರೆಚಿಂಗ್ ಎಲ್ಲಾ ಕಳೆದ್ರೂ ಅಷ್ಟು ಆಗ್ತೈತೆ. ಗೋಡೌನ್ ಮೆಟ್ಟಿಲು ಈಗ ಲೆಕ್ಕಕ್ಕಿಲ್ಲ. ಹೋದ ಚಳಿಗಾಲದಾಗ ಮಕ್ಕಳ ಜೊತಿ ಕೋಟೆ ಗುಡ್ಡ ಹತ್ತಿದೆ, ಮ್ಯಾಲಿನ ಕೋಟೆ ತನ, ಮೊದಲು ಸಿಕ್ಕ ಸಿಕ್ಕ ಬಂಡಿಗಲ್ಲಿನ ಮ್ಯಾಲೆ ಕೂತ್ಕೊಂತ ಹೋಗ್ತಿದ್ದಾಕಿ ಈ ಸಲ ಮಾತಾಡ್ಕೊಂತ ಹತ್ತಿದೆ, ಆ ಖುಷಿ ತೂಕದ ಮಷೀನು ಕೊಡಲ್ಲ. ಇನ್ನ ಹೆಗಲ ಬಿಗಿ ಭಾಳ ಕಮ್ಮಿ ಆಗೈತೆ, ಒಂಟಿಕಾಲಿನ ಮ್ಯಾಲೆ ನಿಂತು ಸೀರಿ ನೆರಿಗಿ ಸರಿ ಮಾಡ್ಕೊಳ್ಳೋದು ಸಲೀಸು. ನಿದ್ದಿ ಚಲೋ ಬರ್ತೈತೆ.

ಸಾಮಾನಿನ ಬಗ್ಗೆ ಒಂದೇ ಮಾತು: ಬ್ಯಾಗಿಗೆ ಹೊಡಿಯೋ ಕ್ಲಾಸಾದ್ರೆ ಹ್ಯಾಂಡ್ ರ‍್ಯಾಪ್ ನಿಮ್ಮದೇ ತಗೊಳ್ರಿ, ಅಂದ್ರೆ ಗ್ಲೌಸ್ ಒಳಗ ಕೈಗೆ ಸುತ್ಕೊಳ್ಳೋ ಬಟ್ಟಿ ಪಟ್ಟಿ, 180 ಇಂಚಿಂದು. ಹೆಬ್ಬೆರಳಿಗೆ ಕುಣಿಕಿ ಹಾಕಿ, ಮಣಿಕಟ್ಟಿಗೆ ಮೂರು ಸುತ್ತು, ಗೆಣ್ಣಿಗೆ ಮೂರು ಸುತ್ತು, ಬೆರಳ ಸಂದಿಯಾಗ ಹಾಯಿಸಿ ಮತ್ತ ಮಣಿಕಟ್ಟಿಗೆ. ಮಣಿಕಟ್ಟು ಅಲ್ಲಾಡಬಾರದು, ಬೆರಳು ಜೋಮು ಹಿಡಿಯಬಾರದು. ಸೆಂಟರಿನ ಗ್ಲೌಸ್ ಎಲ್ಲರೂ ಹಾಕಿ ಹಾಕಿ ವಾಸನಿ ಬಂದಿರ್ತಾವ, ಇದು ನನ್ನ ದೊಡ್ಡ ತಕರಾರು, ಎಷ್ಟು ಸಲ ಹೇಳಿದ್ರೂ ಬಿಸಿಲಿಗೆ ಒಣಗಿಸಲ್ಲ, ಈ ಊರಿನಾಗ ಬಿಸಿಲಿಗೇನು ಬರವೇ ಹೇಳ್ರಿ.

ಬಿಪಿ, ಹಾರ್ಟು, ಮೊಣಕಾಲು ತೊಂದರಿ ಇದ್ದೋರು, ಬಸುರಿಯರು ಡಾಕ್ಟರ್ ಕೇಳದೆ ಸೇರಬ್ಯಾಡ್ರಿ. ಏಪ್ರಿಲ್ ಮೇ ತಿಂಗಳಾಗ 40 ಡಿಗ್ರಿ ದಾಟಿದಾಗ ಸಂಜಿ ಬ್ಯಾಚಿನ ಹಾಲ್ ಕುಲುಮಿ ಆಗ್ತೈತೆ, ಬರೀ ಫ್ಯಾನು, ಆಗ ಬೆಳಗ್ಗೆ ಐದೂವರೆ ಬ್ಯಾಚಿಗೆ ಬದಲಾಯಿಸ್ಕೊಳ್ರಿ, ನೀರಿನ ಬಾಟ್ಲಿ ಬಿಡಬ್ಯಾಡ್ರಿ, ತಲಿ ತಿರುಗಿದಂಗಾದ್ರೆ ಅಲ್ಲೇ ನಿಲ್ಲಿಸ್ರಿ. ಬೆಳಗ್ಗೆ ಜನನೂ ಕಮ್ಮಿ, ಕೋಚ್ ಒಬ್ಬೊಬ್ಬರ ಹತ್ರ ಬಂದು ಪಾದ ತಿರುಗಿಸಿ ತೋರಿಸ್ತಾರ. ಸಂಜಿಗೆ ಹಿಂದಿನ ಸಾಲಿನೋರನ್ನ ನೋಡೋರೇ ಇರಲ್ಲ, ಹೊಸಬರು ಅಲ್ಲೇ ನಿಲ್ಲೋದು, ಹಾಡಿನ ಸದ್ದಿಗೆ ಹೇಳಿದ್ದು ಕೇಳಲ್ಲ. ಹಂಗಾಗಿ ಸೇರೋಕ್ಕಿಂತ ಮುಂಚೆ ಒಂದು ದಿನ ಟ್ರಯಲ್ ಹೋಗಿ, ಕೋಚ್ ಹೊಸಬರ ಕಾಲು ನೋಡ್ತಾರೋ ಬರೀ ಮುಂದೆ ನಿಂತು ಕುಣೀತಾರೋ ನೋಡ್ಕೊಳ್ರಿ.

ಅಂಕ ಕೊಡು ಅಂದ್ರೆ ಬೆಳಗಿನ ಬ್ಯಾಚಿಗೆ ಐದಕ್ಕೆ ನಾಲ್ಕೂವರೆ, ಸಂಜಿ ಬ್ಯಾಚಿಗೆ ಮೂರು. ನಾನು ಮುಂದಿನ ಆರು ತಿಂಗಳಿಗೂ ಬೆಳಗಿಂದಕ್ಕೇ ಕಟ್ಟೀನಿ.