‘ಫಾರೆಸ್ಟ್ ಪರ್ಮಿಷನ್ ಇದೆ ಬ್ರೋ’ ಅಂದರೆ ನಂಬಬೇಡಿ

ಚಿಕ್ಕಬಳ್ಳಾಪುರದ ಕಡೆ ಬೆಟ್ಟದ ಬುಡದಲ್ಲಿ ಟೆಂಟ್ ಹಾಕಿ ಒಂದು ರಾತ್ರಿ ಮಲಗಿ ಬರೋಣ ಅಂತ ಪ್ಲಾನ್ ಇದ್ದವರು, ದುಡ್ಡು ಕಳಿಸುವ ಮೊದಲು ಇದನ್ನು ಓದಿ. ನಾವು ಆರು ಜನ 4,500 ರೂಪಾಯಿ ಕೊಟ್ಟು, ರಾತ್ರಿ ಹನ್ನೊಂದೂವರೆಗೆ ನಿದ್ದೆಗಣ್ಣಿನ ಮಕ್ಕಳನ್ನು ಎತ್ತಿಕೊಂಡು ಕತ್ತಲಲ್ಲಿ ಎದ್ದು ಬಂದೆವು. ಎಬ್ಬಿಸಿದವರದ್ದು ಏನೂ ತಪ್ಪಿಲ್ಲ. ತಪ್ಪು ದುಡ್ಡು ತೆಗೆದುಕೊಂಡವನದ್ದು. ಸ್ವಲ್ಪ ನನ್ನದೂ ಹೌದು.

ನಮ್ಮದು ಕೋಲಾರ. ಚಿಕ್ಕಬಳ್ಳಾಪುರ 2007ರಲ್ಲಿ ಬೇರೆ ಜಿಲ್ಲೆ ಆಯಿತು. ಆದರೆ ನಮ್ಮ ವಯಸ್ಸಿನವರಿಗೆ ಅದು ಇನ್ನೂ ನಮ್ಮ ಜಿಲ್ಲೆಯೇ. ನಮಗೆ ಗೊತ್ತಿಲ್ಲದ ಜಾಗವಾ ಅನ್ನುವ ಧೈರ್ಯ. ಅದರ ಮೇಲೆ ನಮ್ಮ ಅಕ್ಕನ ಮಗ ಬೇರೆ ತಲೆ ಕೆಡಿಸಿದ್ದ. ಅವನು ಅಮೆರಿಕದ ಕೊಲೊರಾಡೊದಲ್ಲಿದ್ದಾನೆ. ಅಲ್ಲಿ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ಅಂತ ಒಂದು ಸರ್ಕಾರಿ ಇಲಾಖೆ ಇದೆ. ಅದರ ಕೈಲಿರುವ ಬಯಲು ಜಾಗಗಳಲ್ಲಿ ಬಹಳ ಕಡೆ ಯಾರು ಬೇಕಾದರೂ ಪುಕ್ಕಟೆ ಟೆಂಟ್ ಹಾಕಬಹುದಂತೆ. ಸಾಮಾನ್ಯವಾಗಿ 28 ದಿನದಲ್ಲಿ 14 ದಿನದವರೆಗೆ ಇರಬಹುದು. ನೀರು, ನಲ್ಲಿ, ಶೌಚಾಲಯ ಇರುವ ಜಾಗ ಬೇಕು ಅಂದರೆ ಕೆಲವು ಕಡೆ ಸರ್ಕಾರದ್ದೇ ವೆಬ್‌ಸೈಟ್‌ನಲ್ಲಿ ಬುಕ್ ಮಾಡಬೇಕು. ಅವನು ಫೋಟೋ ಕಳಿಸಿ, ‘ಮಾವ, ಸರ್ಕಾರಿ ಜಾಗ ಅಂದ್ರೆ ಎಲ್ಲರ ಜಾಗ’ ಅಂದಿದ್ದ. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ನಮ್ಮಲ್ಲೂ ಸರ್ಕಾರಿ ಜಾಗಕ್ಕೆ ಬರವಾ?

ಹಾಗಿರುವಾಗ ಇನ್‌ಸ್ಟಾಗ್ರಾಂನಲ್ಲಿ ಒಂದು ಜಾಹೀರಾತು ಕಾಣಿಸಿತು. ಸಾಲಾಗಿ ಕಿತ್ತಳೆ ಬಣ್ಣದ ಟೆಂಟುಗಳು, ಹಿಂದೆ ಮಂಜು, ಮುಂದೆ ಬೆಂಕಿ. ‘ಸರ್ಕಾರಿ ಅರಣ್ಯ ಜಾಗ, ಪರ್ಮಿಷನ್ ಸಮೇತ, ತಲೆಗೆ 750’. ಮಕ್ಕಳಿಗೆ 450. ‘ವ್ಯೂ ಇರುವ ಟೆಂಟ್’ ಬೇಕಾದರೆ ತಲೆಗೆ ನೂರು ಜಾಸ್ತಿ. ಬೆಳಗ್ಗೆ ಸ್ಕಂದಗಿರಿ ಹತ್ತುವುದೂ ಅದರಲ್ಲೇ ಸೇರಿದೆ. ನಮ್ಮ ಮನೆ ಹಿರಿಯರು ಕಳವಾರ ಬೆಟ್ಟ ಅನ್ನುತ್ತಾರಲ್ಲ, ಅದೇ. ವಾಟ್ಸಾಪ್ ಮಾಡಿದೆ. ‘ಫಾರೆಸ್ಟ್ ಪರ್ಮಿಷನ್ ಪಕ್ಕಾನಾ?’ ಅಂದೆ. ‘ನೂರಕ್ಕೆ ನೂರು ಇದೆ ಬ್ರೋ. ಆರೂ ಜನರ ಆಧಾರ್ ಕಳಿಸಿ, ಟಿಕೆಟ್ ಕಳಿಸ್ತೀನಿ’ ಅಂದ.

ಕಳಿಸಿದೆ. ನಾನು, ಹೆಂಡತಿ, ಇಬ್ಬರು ಮಕ್ಕಳು, ಭಾಮೈದ, ಅವನ ಹೆಂಡತಿ, ಆರೂ ಜನರ ಆಧಾರ್ ಫೋಟೋ, ಮುಂದೆ ಹಿಂದೆ ಎರಡೂ ಬದಿ. ಈಗ ನೆನೆಸಿಕೊಂಡರೆ ದುಡ್ಡು ಹೋಗಿದ್ದಕ್ಕಿಂತ ಇದಕ್ಕೇ ಹೊಟ್ಟೆ ಉರಿಯುತ್ತದೆ. ದುಡ್ಡು ಕಳಿಸುವಾಗ ಯುಪಿಐನಲ್ಲಿ ಕಾಣಿಸಿದ್ದು ಯಾವುದೋ ಮೊಬೈಲ್ ಅಂಗಡಿಯ ಹೆಸರು. ಹೆಂಡತಿ, ‘ಏನ್ರೀ, ಕ್ಯಾಂಪ್‌ನವರ ಹೆಸರೇ ಇಲ್ಲ?’ ಅಂದಳು. ‘ಅವರ ಅಣ್ಣನ ಅಂಗಡಿ ಇರಬಹುದು ಬಿಡು’ ಅಂದೆ. ಸುಮ್ನೆ ಬಾಯಿಗೆ ಬಂದಿದ್ದು.

ಮೋಸ ಗೊತ್ತಾಗದೆ ಇದ್ದಿದ್ದು ಏಕೆ ಅಂದರೆ, ಟಿಕೆಟ್ ಸುಳ್ಳಾಗಿರಲಿಲ್ಲ. ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ವೆಬ್‌ಸೈಟ್‌ನಲ್ಲಿ ತೆಗೆದ ಅಸಲಿ ಟಿಕೆಟ್. ನಮ್ಮ ಹೆಸರು, ಭಾನುವಾರದ ತಾರೀಖು, ಬೆಟ್ಟದ ಹೆಸರು, ಎಲ್ಲಾ ಸರಿಯಾಗಿತ್ತು. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜಾತ್ರೆ ಥರ ಜನ ಸೇರಿದ್ದು ನೆನಪಿರಬಹುದು. ಅದಾದ ಮೇಲೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ಸರ್ಕಾರ ನಿಲ್ಲಿಸಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಈ ವೆಬ್‌ಸೈಟ್ ಶುರುವಾಯಿತು. ಅಂದರೆ ಆ ಟಿಕೆಟನ್ನು ನಾನೇ ಮನೆಯಲ್ಲಿ ಕೂತು ಹತ್ತು ನಿಮಿಷದಲ್ಲಿ ತೆಗೆಯಬಹುದಿತ್ತು. ಅವನು ಅದನ್ನೇ ತೆಗೆದು, ‘ಕ್ಯಾಂಪಿಂಗ್ ಪರ್ಮಿಟ್’ ಅಂತ ಮೇಲೊಂದು ಸಾಲು ಟೈಪ್ ಮಾಡಿ ಕಳಿಸಿದ್ದ. ಹೆಸರು ನೋಡಿ ಖುಷಿಪಟ್ಟೆ. ಕೆಳಗೆ ಏನು ಬರೆದಿದೆ ಅಂತ ಓದಲಿಲ್ಲ.

ಹೋದ ಡಿಸೆಂಬರ್‌ನ ಒಂದು ಶನಿವಾರ. ಲೊಕೇಷನ್ ಕೊಟ್ಟಿದ್ದು ಸಂಜೆ ಐದೂವರೆಗೆ. ಮೊದಲೇ ಯಾಕೆ ಕೊಡುವುದಿಲ್ಲ ಅಂತ ಆಗ ಹೊಳೆಯಲಿಲ್ಲ. ಟಾರು ರಸ್ತೆ ಬಿಟ್ಟು, ಹಿಪ್ಪುನೇರಳೆ ತೋಟದ ನಡುವಿನ ಬಂಡಿ ದಾರಿಯಲ್ಲಿ ಎರಡು ಕಿಲೋಮೀಟರ್. ಕೊನೆಗೆ ಒಂದು ಬಂಡೆ ಬಯಲು. ಹದಿನಾಲ್ಕು ಟೆಂಟುಗಳಿದ್ದವು. ನಡುವೆ ಒಂದು ಟ್ರೆಂಚ್. ‘ವ್ಯೂ ಟೆಂಟ್’ ಐದು ಮಾತ್ರ ಟ್ರೆಂಚಿನ ಆಚೆ, ಬೆಟ್ಟದ ಕಡೆ. ಅದರಲ್ಲಿ ಎರಡು ನಮ್ಮವು. ನೋಡಿಕೊಳ್ಳಲು ಇದ್ದವನು ಹತ್ತೊಂಬತ್ತು ಇಪ್ಪತ್ತರ ಒಬ್ಬ ಹುಡುಗ. ಫೋಟೋದಲ್ಲಿದ್ದ ಶೌಚಾಲಯದ ಬಗ್ಗೆ ಕೇಳಿದರೆ ಪೊದೆ ಕಡೆ ಕೈ ತೋರಿಸಿದ. ಆ ವಿಷಯ ಇಲ್ಲಿಗೇ ಬಿಡುತ್ತೇನೆ.

ಎಂಟು ಗಂಟೆಗೆ ಬೆಂಕಿ ಹಾಕಿದರು. ನೀಲಗಿರಿ ಸೌದೆ. ಅದು ಸುಮ್ಮನೆ ಉರಿಯುವುದಿಲ್ಲ. ಚಟಪಟ ಅನ್ನುತ್ತಾ ಕಿಡಿ ಹಾರಿಸುತ್ತದೆ. ಸ್ಪೀಕರ್‌ನಲ್ಲಿ ಹಾಡು, ಬೆಂಗಳೂರಿನಿಂದ ಬಂದ ಹುಡುಗರ ಕುಣಿತ. ಮಗಳು ಕೆಂಪು ಉಣ್ಣೆ ಟೋಪಿ ಹಾಕಿಕೊಂಡು ಬೆಂಕಿಯ ಮುಂದೆ ಕೂತಿದ್ದಳು. ಗಾಳಿ ಬೆಟ್ಟದ ಕಡೆಯಿಂದ ಬೀಸುತ್ತಿತ್ತು. ಗಾಳಿ ಹೋಗುವ ದಿಕ್ಕಿನಲ್ಲಿ ಕತ್ತಲಲ್ಲಿ ಏನೋ ಗುಡಿಸಲಿನ ಹಾಗೆ ಕಾಣುತ್ತಿತ್ತು. ಯಾರೂ ಅದನ್ನು ಗಮನಿಸಲಿಲ್ಲ.

ಒಂಬತ್ತೂವರೆ ಇರಬಹುದು. ಅರವತ್ತೈದು ದಾಟಿದ ಒಬ್ಬರು ಒಂದು ಕೈಲಿ ಬ್ಯಾಟರಿ, ಇನ್ನೊಂದು ಕೈಲಿ ತುಂಬಿದ ಬಿಂದಿಗೆ ಹಿಡಿದು ಬಂದರು. ಒಂದು ಮಾತೂ ಆಡಲಿಲ್ಲ. ನೇರವಾಗಿ ಬಂದು ಬಿಂದಿಗೆಯನ್ನು ಬೆಂಕಿಗೆ ಸುರಿದರು. ಭುಸ್ ಅಂತ ಹೊಗೆ ಎದ್ದಿತು. ಹಾಡು ನಿಂತಿತು. ಆಮೇಲೆ ಕೇಳಿದರು: ‘ಎವರು ಚೆಪ್ಪಾರು ಮೀಕು?’ ಯಾರು ಹೇಳಿದ್ದು ನಿಮಗೆ, ಅಂತ. ಕೋಲಾರದವನಿಗೆ ತೆಲುಗು ಅರ್ಥವಾಗದೆ ಇರುತ್ತದೆಯೇ. ನಾನು ಎದ್ದು, ‘ಯಜಮಾನ್ರೆ, ಪರ್ಮಿಷನ್ ತಗೊಂಡಿದೀವಿ’ ಅಂದೆ. ಅವರು ಬ್ಯಾಟರಿಯನ್ನು ಆ ಗುಡಿಸಲಿನ ಕಡೆ ತಿರುಗಿಸಿದರು.

ಅದು ಗುಡಿಸಲಲ್ಲ. ರಾಗಿ ಮೆದೆ.

ಕೊಯ್ದ ರಾಗಿ ಕಣಕ್ಕೆ ಬೀಳುವ ಮೊದಲು ಹಾಗೆ ಒಟ್ಟಿರುತ್ತಾರೆ, ತೆನೆ ಸಮೇತ. ನನ್ನ ತಾತನೂ ಒಟ್ಟುತ್ತಿದ್ದರು. ಮೆದೆ ಹತ್ತಿರ ಬೀಡಿ ಸೇದಿದವರಿಗೆ ನಮ್ಮ ತಾತನಿಂದ ಆಗುತ್ತಿದ್ದ ಮರ್ಯಾದೆ ನನಗೆ ಚೆನ್ನಾಗಿ ನೆನಪಿದೆ. ಹೆಜ್ಜೆ ಹಾಕಿ ಎಣಿಸಿದೆ. ಬೆಂಕಿಯಿಂದ ಇಪ್ಪತ್ತೆರಡು ಹೆಜ್ಜೆ. ‘ಒಂದು ಕಿಡಿ ಬಿದ್ದಿದ್ರೆ ನಮ್ಮನೆ ವರ್ಷದ ಮುದ್ದೆ ಹೋಯ್ತು ಸ್ವಾಮಿ. ದನಕ್ಕೆ ಏನು ಹಾಕ್ಲಿ? ನೀವು ನಾಳೆ ಎದ್ದು ಹೋಗ್ತೀರ’ ಅಂದರು, ಈಗ ಕನ್ನಡದಲ್ಲಿ. ನಾನು ಏನೂ ಹೇಳಲಿಲ್ಲ. ಹೇಳುವುದಕ್ಕೆ ಏನಿತ್ತು? ಹೋದ ವಾರವೂ ಇದೇ ಗಲಾಟೆ ಆಗಿತ್ತಂತೆ. ಆದ್ದರಿಂದ ಈ ಸಲ ಫಾರೆಸ್ಟ್ ಗಾರ್ಡ್‌ಗೆ ಫೋನ್ ಮಾಡಿಯೇ ಬಂದಿದ್ದರು.

ಗಾರ್ಡ್ ಬಂದಿದ್ದು ಹನ್ನೊಂದರ ಹೊತ್ತಿಗೆ, ಬೈಕಿನಲ್ಲಿ, ಹಿಂದೆ ಒಬ್ಬ ವಾಚರ್. ಮಕ್ಕಳು ಆಗಲೇ ಮಲಗಿದ್ದರು. ನಾನು ಮೊಬೈಲಿನಲ್ಲಿ ಟಿಕೆಟ್ ತೆಗೆದು ತೋರಿಸಿದೆ. ಆತ ಎರಡು ಬೆರಳಲ್ಲಿ ದೊಡ್ಡದು ಮಾಡಿ ಓದಿದರು. ‘ಇದು ನಾಳೆ ಬೆಟ್ಟ ಹತ್ತೋ ಟಿಕೆಟ್ ಸಾರ್. ಇವತ್ತು ರಾತ್ರಿ ಇಲ್ಲಿ ಮಲಗಬಹುದು ಅಂತ ಎಲ್ಲಿದೆ, ತೋರ್ಸಿ.’ ಮೇಲಿಂದ ಕೆಳಗೆ ಹುಡುಕಿದೆ. ಚಾರಣ ಅಂತ ಇತ್ತು, ಮಲಗುವ ಮಾತು ಎಲ್ಲೂ ಇರಲಿಲ್ಲ. ಬ್ರೋಗೆ ಫೋನ್ ಮಾಡಿದೆ. ಸ್ವಿಚ್ ಆಫ್.

ಗಾರ್ಡ್ ಹೇಳಿದ್ದು ಇಷ್ಟು. ಟ್ರೆಂಚಿನ ಆಚೆ ಮೀಸಲು ಅರಣ್ಯ. ಅಲ್ಲಿ ಅಪ್ಪಣೆ ಇಲ್ಲದೆ ಹೊಕ್ಕುವುದು, ಬೆಂಕಿ ಹಚ್ಚುವುದು ಎರಡೂ 1963ರ ಕರ್ನಾಟಕ ಅರಣ್ಯ ಕಾಯ್ದೆಯ 24ನೇ ಸೆಕ್ಷನ್‌ಗೆ ಬರುತ್ತದೆ. ಚಿರತೆ, ಕರಡಿ ಓಡಾಡುವ ಜಾಗ. ಅಂದರೆ ನೂರು ರೂಪಾಯಿ ಜಾಸ್ತಿ ಕೊಟ್ಟು ನಾವು ಕೊಂಡಿದ್ದು ವ್ಯೂ ಅಲ್ಲ, ಕೇಸು. ಮಕ್ಕಳ ಮುಖ ನೋಡಿ ಕೇಸು ಹಾಕಲಿಲ್ಲ. ಹೆಸರು, ಗಾಡಿ ನಂಬರ್ ಬರೆದುಕೊಂಡು, ಫೋಟೋ ತೆಗೆದು, ಅರ್ಧ ಗಂಟೆಯಲ್ಲಿ ಜಾಗ ಖಾಲಿ ಮಾಡಿ ಅಂದರು. ಭಾಮೈದ ಟ್ರೆಂಚಿನ ಈಚೆ ಇರುವ ಟೆಂಟಿಗಾದರೂ ಹೋಗೋಣ ಅಂತ, ‘ಭಾವ, ಈ ಕಡೆ ಕಾಡಲ್ವಲ್ಲ’ ಅಂದ. ಯಜಮಾನರು ಅಲ್ಲೇ ನಿಂತಿದ್ದರು. ‘ಈ ಕಡೆ ಗೋಮಾಳ. ನಮ್ಮೂರ ದನ ಮೇಯೋ ಜಾಗ’ ಅಂದರು.

ಹುಡುಗ ಒಬ್ಬನೇ ಟೆಂಟ್ ಬಿಚ್ಚುತ್ತಿದ್ದ. ‘ಅಣ್ಣ, ನಾನು ದಿನಕ್ಕೆ ಐನೂರಕ್ಕೆ ಬರೋನು. ನನಗೆ ಏನೂ ಗೊತ್ತಿಲ್ಲ’ ಅಂದ. ನಂಬಿದೆ. ಅವನಿಗೂ ಆ ದಿನದ ದುಡ್ಡು ಬಂದಿರಲಾರದು.

ಆ ರಾತ್ರಿ ಮಲಗಿದ್ದು ಹೈದರಾಬಾದ್ ಹೆದ್ದಾರಿಯ ಒಂದು ಪೆಟ್ರೋಲ್ ಬಂಕಿನಲ್ಲಿ, ಕಾರಿನೊಳಗೆ, ಆರು ಜನ. ಬೆಳಗ್ಗೆ ಸ್ಕಂದಗಿರಿ ಹತ್ತಬಹುದಿತ್ತು, ಅದೊಂದು ಟಿಕೆಟ್ ಅಸಲಿ ಇತ್ತಲ್ಲ. ಯಾರಿಗೂ ಮನಸ್ಸಿರಲಿಲ್ಲ. ಇಡ್ಲಿ ತಿಂದು ಚಿಂತಾಮಣಿ ಮೇಲೆ ಊರಿಗೆ ಬಂದೆವು.

ಬಂದ ಮೇಲೆ ನಮ್ಮ ಬೀದಿಯ ಸರ್ವೇಯರ್ ಒಬ್ಬರಿಗೆ ಆ ಲೊಕೇಷನ್ ತೋರಿಸಿದೆ. ಅವರು ‘ದಿಶಾಂಕ್’ ಅನ್ನುವ ಸರ್ಕಾರಿ ಆ್ಯಪ್ ತೆಗೆದು ಆ ಜಾಗದ ಮೇಲೆ ಬೆರಳಿಟ್ಟರು. ಸರ್ವೆ ನಂಬರ್ ಬಂತು. ಅದನ್ನು ಹಿಡಿದು ಪಹಣಿ ನೋಡಿದರೆ, ಹೆಸರಿನ ಜಾಗದಲ್ಲಿ ಸರ್ಕಾರಿ ಗೋಮಾಳ. ಐದು ನಿಮಿಷದ ಕೆಲಸ. ‘ಸರ್ಕಾರಿ ಜಾಗ ಅಂತ ಒಂದಿಲ್ಲ. ಗೋಮಾಳ ಕಂದಾಯದವರ ಕೈಲಿ, ಕಾಡು ಅರಣ್ಯದವರ ಕೈಲಿ, ಕೋಟೆ ಪುರಾತತ್ವದವರ ಕೈಲಿ. ಪ್ರತಿಯೊಂದಕ್ಕೂ ಒಬ್ಬ ಯಜಮಾನ ಇದಾನೆ’ ಅಂದರು. ಗೋಮಾಳವನ್ನು ಮೇಯಿಸಲು ಬಿಟ್ಟಿದ್ದರೆ, ಜಿಲ್ಲಾಧಿಕಾರಿಯ ಮಂಜೂರಾತಿ ಇಲ್ಲದೆ ಬೇರೆ ಯಾವುದಕ್ಕೂ ಬಳಸುವ ಹಾಗಿಲ್ಲವಂತೆ. 1964ರ ಭೂ ಕಂದಾಯ ಕಾಯ್ದೆಯ 71ನೇ ಸೆಕ್ಷನ್. ಅಕ್ಕನ ಮಗ ಹೇಳಿದ್ದು ಅವನ ಊರಿಗೆ ಸರಿ. ಅಲ್ಲಿ ಟೆಂಟ್ ಹಾಕಲು ಇಲಾಖೆಯೇ ಬಿಟ್ಟಿದೆ. ಇಲ್ಲಿ ಬಿಟ್ಟಿರುವುದು ದನಕ್ಕೆ.

ಹಾಗಾದರೆ ಎಲ್ಲಿ ಹೋಗೋದು ಅಂತ ಕೇಳುತ್ತೀರಿ. ನಂದಿ ಬೆಟ್ಟದ ಮೇಲೆ ರಾತ್ರಿ ಇರಬೇಕಾದರೆ ಪ್ರವಾಸೋದ್ಯಮ ನಿಗಮದ ಮಯೂರ ಹೋಟೆಲ್ ಅಥವಾ ಅಲ್ಲಿನ ಸರ್ಕಾರಿ ಅತಿಥಿಗೃಹದಲ್ಲಿ ರೂಮ್ ಬುಕ್ ಮಾಡಬೇಕು, ಟೆಂಟ್ ಅಲ್ಲ. ಮಧುಗಿರಿ ಕೋಟೆಯಲ್ಲಿ ಕ್ಯಾಂಪಿಂಗ್ ಅಂತ ಯಾರಾದರೂ ಅಂದರೆ ಅಲ್ಲೇ ಕೈ ಮುಗಿಯಿರಿ. ಕೇಂದ್ರದ ಪುರಾತತ್ವ ಇಲಾಖೆಯ ಸ್ಮಾರಕ ಅದು, ಸೂರ್ಯ ಹುಟ್ಟಿದ ಮೇಲೆ ಹತ್ತಿ ಮುಳುಗುವ ಮೊದಲು ಇಳಿಯಬೇಕು. ನಮ್ಮ ಅಂತರಗಂಗೆಗೂ ‘ನೈಟ್ ಟ್ರೆಕ್, ಕ್ಯಾಂಪ್’ ಜಾಹೀರಾತು ಬರುತ್ತಲೇ ಇರುತ್ತವೆ. ಗಾರ್ಡ್ ನನಗೆ ಕೇಳಿದ ಪ್ರಶ್ನೆಯನ್ನೇ ಅವರಿಗೂ ಕೇಳಿ: ರಾತ್ರಿ ಮಲಗಬಹುದು ಅಂತ ಎಲ್ಲಿದೆ, ತೋರಿಸಿ. ಯಾರಾದರೂ ರೈತರು ತಮ್ಮ ಸ್ವಂತ ತೋಟದಲ್ಲಿ ಟೆಂಟ್ ಹಾಕಿಸಿದರೆ ಅದು ಬೇರೆ ಮಾತು. ನನ್ನ ಕೇಳಿದರೆ ಅದೇ ವಾಸಿ. ಲೊಕೇಷನ್ ಮೊದಲೇ ಕೇಳಿ, ದಿಶಾಂಕ್‌ನಲ್ಲಿ ನೋಡಿ, ಪಹಣಿಯಲ್ಲಿರುವವರ ಜೊತೆಯೇ ಫೋನಿನಲ್ಲಿ ಮಾತಾಡಿ. ಲೊಕೇಷನ್ ಸಂಜೆ ಕಳಿಸ್ತೀನಿ ಅಂದರೆ ಮಾತು ಅಲ್ಲಿಗೇ ಮುಗಿಸಿ.

ಆಧಾರ್ ಕೊಡಲೇಬೇಕಾದರೆ ಮೊದಲ ಎಂಟು ಅಂಕಿ ಮುಚ್ಚಿರುವ ‘ಮಾಸ್ಕ್ಡ್ ಆಧಾರ್’ ಅಂತ ಆಧಾರ್ ವೆಬ್‌ಸೈಟ್‌ನಲ್ಲೇ ಸಿಗುತ್ತದೆ. ನನಗೆ ತಡವಾಗಿ ಗೊತ್ತಾಯಿತು. ಈಗ ಮನೆಯ ದೊಡ್ಡವರೆಲ್ಲರ ಬಯೋಮೆಟ್ರಿಕ್ ಲಾಕ್ ಮಾಡಿಟ್ಟಿದ್ದೇನೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ನಾನು ಫೋನ್ ಮಾಡಿದ್ದು ಮೂರು ದಿನದ ಮೇಲೆ. ಮೊದಲು ಅವನನ್ನೇ ಹಿಡಿಯೋಣ, ಬೈದು ವಾಪಸ್ ತಗೊಳ್ಳೋಣ ಅಂತ ಕಾದಿದ್ದೆ. ನೀವು ಕಾಯಬೇಡಿ. ಬೇಗ ಹೇಳಿದಷ್ಟು ದುಡ್ಡನ್ನು ಆ ಖಾತೆಯಲ್ಲೇ ತಡೆಹಿಡಿಯುವ ಸಾಧ್ಯತೆ ಜಾಸ್ತಿ. ನನ್ನ ದೂರಿಗೆ ಒಂದು ನಂಬರ್ ಸಿಕ್ಕಿದೆ. ದುಡ್ಡು ಸಿಕ್ಕಿಲ್ಲ.

ಕಳೆದ ವಾರ ಭಾಮೈದ ಒಂದು ಜಾಹೀರಾತು ಕಳಿಸಿದ. ಹೊಸ ಹೆಸರು, ಹೊಸ ನಂಬರ್, ತಲೆಗೆ 850. ಬೆಂಕಿ ಇದೆ, ಹಿಂದೆ ಕತ್ತಲಲ್ಲಿ ಗುಡಿಸಲಿನಂಥದ್ದು ಮಸುಕಾಗಿ ಕಾಣುತ್ತದೆ. ಬೆಂಕಿಯ ಮುಂದೆ ಕೆಂಪು ಉಣ್ಣೆ ಟೋಪಿ ಹಾಕಿಕೊಂಡು ಬೆನ್ನು ತೋರಿಸಿ ಕೂತಿರುವವಳು ನನ್ನ ಮಗಳು.